ತೆರೆಯ ವಿಜ್ಞಾನ ಕಥೆಯಿಂದ ಮಕ್ಕಳ ಕಾದಂಬರಿ: ಹಕ್ಕಿನ ಪತ್ರದಿಂದ ಅಚ್ಚಿನ ಮನೆಯವರೆಗೆ

ಅಕ್ಕನ ಮಗಳಿಗೆ 9 ವರ್ಷ. ಬೇಸಿಗೆ ರಜೆಗೆಂದು ಬನಶಂಕರಿಯ ನಮ್ಮ ಮನೆಗೆ ಬಂದಿದ್ದಾಗ ಒಂದು ಮಧ್ಯಾಹ್ನ ಅವಳಿಗೆ ಜಾರ್ಜ್ ಮೆಲಿಯೆಸ್ 1902ರಲ್ಲಿ ತೆಗೆದ ಚಂದ್ರಯಾತ್ರೆಯ ಮೂಕಿ ಚಿತ್ರ ತೋರಿಸಿದೆ. ತೋಪಿನಲ್ಲಿ ಕೂರಿಸಿ ಮನುಷ್ಯರನ್ನು ಚಂದ್ರನಿಗೆ ಹಾರಿಸುತ್ತಾರಲ್ಲ, ನೌಕೆ ಹೋಗಿ ಚಂದ್ರನ ಕಣ್ಣಿಗೇ ಚುಚ್ಚಿಕೊಳ್ಳುತ್ತದಲ್ಲ, ಅದೇ ಸುಮಾರು 14 ನಿಮಿಷದ ಚಿತ್ರ. ಅಲ್ಲಿ ಚಂದ್ರವಾಸಿಗಳು ಎದುರಾಗುತ್ತಾರೆ. ಪಂಡಿತರು ಕೊಡೆ ಬೀಸಿ ಒಂದೇಟು ಹಾಕಿದರೆ ಬುಸ್ಸೆಂದು ಹೊಗೆಯಾಗಿ ಹೋಗುತ್ತಾರೆ. ನಾನು ನಕ್ಕೆ. ಅವಳು ನಗಲಿಲ್ಲ.

"ಚಿಕ್ಕಮ್ಮ, ಅವ್ರು ಹೊಗೆ ಆಗ್ಹೋದ್ರಲ್ಲ, ಮನೇಲಿ ಅವ್ರಮ್ಮ ಕಾಯ್ತಾ ಇರಲ್ವಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಹುಡುಕಲು ಹೋದದ್ದು ಒಂದು ವರ್ಷ ಹಿಡಿದು 80 ಪುಟದ ಪುಸ್ತಕವಾಯಿತು. ಆ ದಾರಿಯಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ, ಹಿಂದೆ ಮಾಡಿದ ಎಡವಟ್ಟುಗಳ ಸಮೇತ.

ಸಿನಿಮಾ ಆಧರಿಸಿ ಮಕ್ಕಳಿಗೆ ಬರೆಯುವವರು ಮೊದಲೇ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಓದುವ ಮಗುವಿಗೆ ಕಥೆ ಗೊತ್ತು. ಎಷ್ಟೋ ಸಲ ನಿಮಗಿಂತ ಚೆನ್ನಾಗಿ ಗೊತ್ತು. "ಆಮೇಲೇನಾಯ್ತು?" ಎಂಬ ಕುತೂಹಲದಿಂದ ಅದು ಪುಟ ತಿರುಗಿಸುವುದಿಲ್ಲ. ಸಿನಿಮಾ ಹೇಳದೆ ಬಿಟ್ಟದ್ದು ಇಲ್ಲೇನಾದರೂ ಇದೆಯೇ ಎಂದು ತಿರುಗಿಸುತ್ತದೆ. ಕಂಡದ್ದನ್ನೇ ಮತ್ತೆ ಅಕ್ಷರದಲ್ಲಿ ಕೊಟ್ಟರೆ ಮೂರನೇ ಪುಟಕ್ಕೆ ಪುಸ್ತಕ ದಿಂಬಿನ ಕೆಳಗೆ ಹೋಗುತ್ತದೆ.

ಮೊದಲು ಹಕ್ಕು, ಆಮೇಲೆ ಪೆನ್ನು

ಬಹಳ ವರ್ಷದ ಹಿಂದೆ ಹೆಸರಾಂತ ಅಮೆರಿಕನ್ ಚಿತ್ರವೊಂದನ್ನು 12 ಅಧ್ಯಾಯವಾಗಿ ಬರೆದು ಒಂದು ಮಕ್ಕಳ ಪತ್ರಿಕೆಗೆ ಕೊಟ್ಟಿದ್ದೆ. ಸಂಪಾದಕರು ಪೂರ್ತಿ ಓದಿದರು, ಚೆನ್ನಾಗಿದೆ ಅಂದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಪರ್ಮಿಷನ್ ಲೆಟರ್ ಎಲ್ಲಮ್ಮ?" ಆ ಹಸ್ತಪ್ರತಿ ಈಗಲೂ ಅಟ್ಟದ ಮೇಲಿದೆ.

ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದ್ದು. ಅದರ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಆದರೆ ಅದರ ಕಥೆ, ಚಿತ್ರಕಥೆಗಳು ಸಾಹಿತ್ಯ ಕೃತಿಗಳು. ಅವುಗಳ ಹಕ್ಕು ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಹಾಗಾಗಿ ಒಂದು ಚಿತ್ರಕ್ಕೆ ಎರಡು ತಾರೀಖು ನೋಡಬೇಕು. ಹಳೇ ಚಿತ್ರ ಅಂದಮಾತ್ರಕ್ಕೆ ಬೇಲಿ ಬಿದ್ದುಹೋಗಿರುವುದಿಲ್ಲ.

"ಹೆಸರು, ಊರು ಬದಲಾಯಿಸಿದ್ರೆ ಆಯ್ತಲ್ಲ" ಎಂದು ಸಲಹೆ ಕೊಡುವವರು ನಿಮಗೂ ಸಿಗುತ್ತಾರೆ. ಆಗುವುದಿಲ್ಲ. 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ: ಬರೀ ವಿಚಾರಕ್ಕೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಹಕ್ಕಿದೆ. ಅನ್ಯಗ್ರಹದ ಜೀವಿಯೊಂದು ಮಗುವಿನ ಗೆಳೆಯನಾಗುವುದು ಯಾರ ಸ್ವತ್ತೂ ಅಲ್ಲ. ಆದರೆ ಆ ಚಿತ್ರದ ಅದೇ ಜೀವಿ, ಅದೇ ಮಾತು, ಅದೇ ದೃಶ್ಯಗಳು ಅದೇ ಸಾಲಿನಲ್ಲಿ ಬಂದರೆ ಹೆಸರು ಬದಲಿಸಿಯೂ ಪ್ರಯೋಜನವಿಲ್ಲ.

ನಿಮ್ಮ ಮುಂದೆ ಮೂರು ದಾರಿ ಇದೆ. ಮೊದಲನೆಯದು ಹಕ್ಕು ಮುಗಿದ ಚಿತ್ರ. ಮೆಲಿಯೆಸ್ ತೀರಿಕೊಂಡದ್ದು 1938ರಲ್ಲಿ. ಅವನ ಚಂದ್ರಯಾತ್ರೆ ನಮ್ಮಲ್ಲಿ ಈಗ ಯಾರು ಬೇಕಾದರೂ ಮುಟ್ಟಬಹುದಾದ ಕೃತಿ. (ಇತ್ತೀಚೆಗೆ ಬಣ್ಣ ಸರಿಪಡಿಸಿ ಹೊಸ ಸಂಗೀತ ಕೂಡಿಸಿದ ಪ್ರತಿಗಳಿವೆ. ಆ ಸಂಗೀತದ ಹಕ್ಕು ಬೇರೆ, ಅದರ ತಂಟೆಗೆ ಹೋಗಬೇಡಿ.) ಎರಡನೆಯದು ಅನುಮತಿ. ಹಾಲಿವುಡ್ ಸ್ಟುಡಿಯೋಗಳಿಗೆ ಒಬ್ಬ ಬರಹಗಾರ ಬರೆದರೆ ಉತ್ತರ ಬರುತ್ತದೆಂದು ನಾನು ನಂಬಿಲ್ಲ, ಅದು ದೊಡ್ಡ ಪ್ರಕಾಶಕರ ಮೂಲಕ ಆಗುವ ಕೆಲಸ. ಆದರೆ ನಮ್ಮ ಚಿತ್ರಗಳಿವೆಯಲ್ಲ! 2002ರಲ್ಲೇ ಉಪೇಂದ್ರರ 'ಹಾಲಿವುಡ್' ರೋಬೋ ಕಥೆ ತಂದಿತು, 2024ರ 'ಬ್ಲಿಂಕ್' ಕಾಲಯಾನದ್ದು. ಪಕ್ಕದ ತೆಲುಗಿನಲ್ಲಿ 1991ರ 'ಆದಿತ್ಯ 369' ಟೈಮ್ ಮೆಷಿನ್ ಹತ್ತಿಸಿ ನೇರ ಕೃಷ್ಣದೇವರಾಯನ ಆಸ್ಥಾನಕ್ಕೇ ಕರೆದೊಯ್ಯುತ್ತದೆ, ಹಂಪಿ ಪ್ರವಾಸ ಮಾಡಿಬಂದ ನಮ್ಮ ಮಕ್ಕಳಿಗೆ ಅದಕ್ಕಿಂತ ಹತ್ತಿರದ್ದು ಯಾವುದು? ಎಲ್ಲವೂ ಚಿಕ್ಕ ಮಕ್ಕಳಿಗೆ ಇದ್ದಂತೆಯೇ ಒಪ್ಪುತ್ತವೆ ಎನ್ನುತ್ತಿಲ್ಲ. ಆದರೆ ನಿರ್ಮಾಪಕರು ಗಾಂಧಿನಗರದಲ್ಲೋ ಅದರಾಚೆಯ ಬೀದಿಯಲ್ಲೋ ಸಿಗುತ್ತಾರೆ, ಕಾಫಿ ಕುಡಿಯುತ್ತ ಮಾತಾಡಬಹುದು.

ಮಾತಾಡಿದ್ದು ಬರವಣಿಗೆಯಲ್ಲಿರಲಿ. ಕಥೆ ಬರೆದವರು ಬೇರೆಯವರಾಗಿದ್ದರೆ ಅವರ ಸಹಿಯೂ ಇರಲಿ. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದುಕೊಳ್ಳುತ್ತದೆ, ಎಲ್ಲೆಲ್ಲಿ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಮೆರಿಕದ ಕನ್ನಡ ಕೂಟಗಳಿಗೆ ಪುಸ್ತಕ ಕಳಿಸುವ ಆಸೆಯಿದ್ದರೆ ಈ ಸಾಲು ಮರೆಯಬೇಡಿ. ಚಿತ್ರದ ಸ್ಟಿಲ್ ಬಳಸಬಹುದೇ, ಮುಖಪುಟಕ್ಕೆ ನಟರ ಮುಖ ಹಾಕಬಹುದೇ ಎನ್ನುವುದನ್ನೂ ಅಲ್ಲೇ ಕೇಳಿಬಿಡಿ.

ಮೂರನೆಯದು ಮನೆಯೊಳಗಿನ ಆಟ. ನಿಮ್ಮ ಮಗುವಿಗೋಸ್ಕರ ನೋಟ್‌ಬುಕ್ಕಿನಲ್ಲಿ ಬರೆದು ರಾತ್ರಿ ಓದಿ ಹೇಳಿದರೆ ಯಾರೂ ಬಾಗಿಲು ತಟ್ಟುವುದಿಲ್ಲ. ಅದನ್ನೇ ಪಿಡಿಎಫ್ ಮಾಡಿ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ ಕ್ಷಣ ಅದು ಮನೆಯ ಮಾತಾಗಿ ಉಳಿಯುವುದಿಲ್ಲ.

ಒಂದೇ ಚಿತ್ರ, ಮೂರು ಸಲ

ಅಧಿಕೃತ ಕಾದಂಬರಿ ಬರೆಯುವವರು ಎಷ್ಟೋ ಸಲ ಸಿನಿಮಾ ನೋಡಿಯೇ ಇರುವುದಿಲ್ಲ. 'ಸ್ಟಾರ್ ವಾರ್ಸ್' ತೆರೆಗೆ ಬಂದದ್ದು 1977ರ ಮೇ 25ಕ್ಕೆ. ಅದರ ಕಾದಂಬರಿ 1976ರ ಕೊನೆಯಲ್ಲೇ ಅಂಗಡಿಯಲ್ಲಿತ್ತು. ಹೊದಿಕೆಯ ಮೇಲೆ ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಸರು, ಒಳಗೆ ಕೂತು ಬರೆದವರು ಅಲನ್ ಡೀನ್ ಫಾಸ್ಟರ್. ಚಿತ್ರಕಥೆಯ ಪ್ರತಿ ಕೈಗೆ ಕೊಟ್ಟು ಬರೆಯಿರಿ ಎನ್ನುತ್ತಾರೆ, ಅಷ್ಟೇ. ಅಂಥ ಪುಸ್ತಕಗಳಲ್ಲಿ ಚಿತ್ರದಲ್ಲಿಲ್ಲದ ದೃಶ್ಯಗಳು ಸಿಗುವುದು ಇದೇ ಕಾರಣಕ್ಕೆ. ನಮಗೆ ಎಷ್ಟು ಸಲ ಬೇಕಾದರೂ ನೋಡುವ ಭಾಗ್ಯವಿದೆ, ಬಳಸಿಕೊಳ್ಳೋಣ.

ಮೊದಲ ಸಲ ಮಗುವಿನ ಜೊತೆ ಕೂತು ನೋಡಿ. ಆದರೆ ನೋಡಬೇಕಾದ್ದು ತೆರೆಯನ್ನಲ್ಲ, ಮಗುವನ್ನು. ಎಲ್ಲಿ ಕಾಲು ಮಡಚಿ ಹತ್ತಿರ ಸರಿಯಿತು, ಎಲ್ಲಿ ಚಕ್ಕುಲಿ ಡಬ್ಬಿಗೆ ಕೈ ಹಾಕಿತು, ಎಲ್ಲಿ "ಯಾಕೆ?" ಅಂತು. ಆ "ಯಾಕೆ"ಗಳನ್ನು ಇದ್ದ ಮಾತಿನಲ್ಲೇ ಬರೆದಿಡಿ, ನಿಮ್ಮ ಭಾಷೆಗೆ ತಿದ್ದಬೇಡಿ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇರುವುದಿಷ್ಟು: "ಮನೇಲಿ ಅವ್ರಮ್ಮ ಕಾಯ್ತಾ ಇರಲ್ವಾ", "ತೋಪಲ್ಲಿ ಹಾರಿದ್ರೆ ಸಾಯಲ್ವಾ", "ಹೊಗೆ ಎಲ್ಲಿಗ್ ಹೋಯ್ತು", "ಕೊಡೆ ಯಾಕ್ ತಗೊಂಡ್ ಹೋದ್ರು, ಅಲ್ಲಿ ಮಳೆ ಬರತ್ತಾ". ಪುಸ್ತಕದ ಬೆನ್ನೆಲುಬು ಈ ನಾಲ್ಕು ಸಾಲು.

ಎರಡನೇ ಸಲ ಒಬ್ಬರೇ ಕೂತು ದೃಶ್ಯಕ್ಕೊಂದು ಸಾಲಿನಂತೆ ಪಟ್ಟಿ ಮಾಡಿ. ಮೆಲಿಯೆಸ್ ಚಿತ್ರಕ್ಕೆ ಸುಮಾರು 30 ಸಾಲಾಯಿತು. ಎರಡು ಗಂಟೆಯ ಚಿತ್ರವಾದರೆ ನೂರು ದಾಟಬಹುದು, ಹೆದರಬೇಡಿ, ಮುಕ್ಕಾಲು ಪಾಲು ಹೊಡೆದುಹಾಕುವವೇ.

ಮೂರನೇ ಸಲ, ಮಾತಿರುವ ಚಿತ್ರವಾದರೆ, ಕಣ್ಣು ಮುಚ್ಚಿ ಕೇಳಿ. ಕೇಳಿಯೇ ಅರ್ಥವಾದದ್ದು ಸಂಭಾಷಣೆಯಲ್ಲಿ ಇದೆ ಎಂದರ್ಥ. ಎಲ್ಲಿ "ಈಗೇನಾಯ್ತು?" ಎಂದು ಕಣ್ಣು ತೆರೆಯಬೇಕೆನಿಸುತ್ತದೋ ಅಲ್ಲೆಲ್ಲ ನೀವು ಬರೆಯಬೇಕು. ಈ ಒಂದು ಅಭ್ಯಾಸ ನನಗೆ ಯಾವ ಕಮ್ಮಟಕ್ಕಿಂತಲೂ ಹೆಚ್ಚು ಕಲಿಸಿದೆ.

ಯಾರ ಕಣ್ಣು?

ಕ್ಯಾಮೆರಾ ಎಲ್ಲರನ್ನೂ ಹೊರಗಿನಿಂದ ನೋಡುತ್ತದೆ. ಪುಸ್ತಕ ಒಬ್ಬರೊಳಗೆ ಹೊಕ್ಕು ಕೂರಬಹುದು. ಅನ್ಯಗ್ರಹ ಜೀವಿಯೊಂದರ ಕಥೆಯಾದ 'ಇ.ಟಿ.' ಚಿತ್ರವನ್ನು 1982ರಲ್ಲಿ ಕಾದಂಬರಿ ಮಾಡಿದ ವಿಲಿಯಂ ಕಾಟ್ಸ್‌ವಿಂಕಲ್ ಹಿಡಿದದ್ದು ಇದನ್ನೇ. ತೆರೆಯ ಮೇಲೆ ನಾಲ್ಕು ಮಾತಾಡುವ ಆ ಜೀವಿಯ ತಲೆಯೊಳಗೆ ಏನೇನು ಓಡುತ್ತಿದೆ ಎಂದು ಪುಟಗಟ್ಟಲೆ ಬರೆದರು.

ನಾನು ಮೊದಲು ಬರೆದದ್ದು ಪಂಡಿತರ ಕಡೆಯಿಂದ. ಮುಖ್ಯ ಪಂಡಿತರನ್ನು ಮಲ್ಲೇಶ್ವರದವರನ್ನಾಗಿ ಮಾಡಿ, ಜರಿಪೇಟ ಸುತ್ತಿಸಿ, ನಶ್ಯದ ಡಬ್ಬಿಯನ್ನೂ ಕೊಟ್ಟೆ. ಇಂಗ್ಲಿಷ್ ಕವಿ ಬ್ರೌನಿಂಗ್‌ನ ಪೈಪರನ್ನು ಕುವೆಂಪು ಕಿಂದರಿಜೋಗಿ ಮಾಡಿ ಬೊಮ್ಮನಹಳ್ಳಿಗೆ ಕರೆತಂದು ವೇಸರ್ ನದಿಯ ಜಾಗದಲ್ಲಿ ತುಂಗೆಯನ್ನು ಹರಿಸಿದರಲ್ಲ, ಅದೇ ಧೈರ್ಯ. ಎರಡು ಪುಟ ನಗು ಬಂತು, ಮೂರನೇ ಪುಟಕ್ಕೆ ನಶ್ಯ ಖಾಲಿ. ಕುವೆಂಪು ಬರೀ ಊರಿನ ಹೆಸರು ಬದಲಿಸಿರಲಿಲ್ಲ, ಇಲಿಗಳು ಓಡುವ ಲಯವನ್ನೇ ಕನ್ನಡದಲ್ಲಿ ಹೊಸದಾಗಿ ಕಟ್ಟಿದ್ದರು. ನಾನು ಮಾಡಿದ್ದು ವೇಷ ಬದಲಾವಣೆ. (ಅನುಮತಿ ಪಡೆದು ಬರೆಯುವ ಚಿತ್ರವಾದರೆ ಊರು, ಹೆಸರು ಬದಲಿಸುವ ಪ್ರಶ್ನೆಯೇ ಇಲ್ಲ, ನಿರ್ಮಾಪಕರು ಒಪ್ಪುವುದಿಲ್ಲ.)

ಆಗ ನೋಟ್‌ಬುಕ್ಕಿನ ಮೊದಲ ಸಾಲು ಮತ್ತೆ ನೋಡಿದೆ. ಅಮ್ಮ ಕಾಯುತ್ತಿರುವುದು ಚಂದ್ರನ ಮೇಲೆ. ಕಥೆ ಹೇಳಬೇಕಾದ್ದು ಅಲ್ಲಿಂದ. ಮಿಣುಕ ಎಂಬ ಚಂದ್ರನ ಹುಡುಗನನ್ನು ಕಟ್ಟಿದೆ. ಚಿತ್ರದ ಮೊದಲ ಆರೇಳು ದೃಶ್ಯ, ಅಂದರೆ ಪಂಡಿತರ ಸಭೆ, ನೌಕೆ ಕಟ್ಟುವುದು, ತೋಪು ಎರಕ ಹೊಯ್ಯುವುದು, ಎಲ್ಲ ಒಂದೇಟಿಗೆ ಬಿದ್ದುಹೋಯಿತು. ಮಿಣುಕ ಅದ್ಯಾವುದನ್ನೂ ಕಂಡವನಲ್ಲ. ಕಣ್ಣು ಆರಿಸಿಕೊಂಡರೆ ದೃಶ್ಯಗಳು ತಾವಾಗಿ ಉದುರುತ್ತವೆ, ಕತ್ತರಿ ಹಿಡಿದು ಕೂರಬೇಕಿಲ್ಲ.

ವಿಜ್ಞಾನದ ತೂತು ಮುಚ್ಚುವುದು

1966ರಲ್ಲಿ ಬಂದ 'ಫೆಂಟಾಸ್ಟಿಕ್ ವಾಯೇಜ್' ಎಂಬ ಚಿತ್ರದಲ್ಲಿ ವೈದ್ಯರ ತಂಡವೊಂದು ಜಲಾಂತರ್ಗಾಮಿಯ ಸಮೇತ ಕಣದಷ್ಟು ಕಿರಿದಾಗಿ ರೋಗಿಯ ರಕ್ತನಾಳಕ್ಕೆ ಇಳಿಯುತ್ತದೆ. ಗಂಟೆ ಕಳೆದರೆ ಮತ್ತೆ ಮೊದಲಿನ ಗಾತ್ರ. ಕೊನೆಗೆ ಜನ ಕಣ್ಣಿನ ಹನಿಯಲ್ಲಿ ಈಜಿ ಹೊರಬರುತ್ತಾರೆ, ಬಿಳಿ ರಕ್ತಕಣದ ಹೊಟ್ಟೆ ಸೇರಿದ ಹಡಗು ಮಾತ್ರ ಒಳಗೇ ಉಳಿಯುತ್ತದೆ. ಅದರ ಕಾದಂಬರಿ ಬರೆಯಲು ಕೂತ ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ತಕರಾರು ತೆಗೆದರು: ಆ ಹಡಗೂ ದೊಡ್ಡದಾಗುತ್ತದಲ್ಲ, ರೋಗಿ ಬದುಕುವುದು ಹೇಗೆ? ಅವರ ಪುಸ್ತಕದಲ್ಲಿ ಆ ರಕ್ತಕಣವನ್ನು ಬೆನ್ನಟ್ಟಿಸಿಕೊಂಡೇ ಕಣ್ಣೀರಿನ ಜೊತೆ ಹೊರಗೆ ತರುತ್ತಾರೆ. ಪುಸ್ತಕ ಚಿತ್ರಕ್ಕಿಂತ ಮೊದಲೇ ಬಂದದ್ದರಿಂದ ಬಹಳ ಜನ ಚಿತ್ರವನ್ನೇ ಪುಸ್ತಕದ ರೂಪಾಂತರ ಅಂದುಕೊಂಡರು.

ಮಕ್ಕಳು ಇಂಥ ತೂತನ್ನು ಬೆರಳಿಟ್ಟು ತೋರಿಸುವುದರಲ್ಲಿ ಅಸಿಮೋವ್‌ಗಿಂತ ಕಮ್ಮಿಯಿಲ್ಲ. "ತೋಪಲ್ಲಿ ಹಾರಿದ್ರೆ ಸಾಯಲ್ವಾ?" ಸಾಯುತ್ತಾರೆ, ಲೆಕ್ಕ ಹಾಕಿ ನೋಡಿದೆ. ಭೂಮಿಯ ಹಿಡಿತ ತಪ್ಪಿಸಲು ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗ ಬೇಕು. 300 ಮೀಟರ್ ಉದ್ದದ ಕೊಳವೆಯೊಳಗೇ ಅಷ್ಟು ವೇಗ ಬರಬೇಕೆಂದರೆ ಒಳಗಿದ್ದವರ ತೂಕ ಆ ಕ್ಷಣಕ್ಕೆ 20 ಸಾವಿರ ಪಟ್ಟಿನಷ್ಟಾಗುತ್ತದೆ. 40 ಕಿಲೋ ತೂಗುವ ಹುಡುಗಿ 800 ಟನ್. ರಾಕೆಟ್ಟು ನಿಧಾನವಾಗಿ, ನಿಮಿಷಗಟ್ಟಲೆ ವೇಗ ಏರಿಸಿಕೊಳ್ಳುವುದು ಇದಕ್ಕೇ.

ಈ ಲೆಕ್ಕವನ್ನು ಪುಸ್ತಕದಲ್ಲಿ ಹಾಕಿದರೆ ಅದು ಪಾಠವಾಗುತ್ತದೆ. ನಾನು ಮಾಡಿದ್ದು ಇಷ್ಟು: ಸೆರೆಸಿಕ್ಕ ಪಂಡಿತ "ತೋಪಿನಲ್ಲಿ ಹಾರಿ ಬಂದೆವು" ಎಂದು ಎದೆಯುಬ್ಬಿಸಿದಾಗ ಮಿಣುಕನ ಅಜ್ಜಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಹಾಗೆ ಬಂದಿದ್ದರೆ ಡಬ್ಬಿ ತೆಗೆದಾಗ ಚಟ್ನಿ ಸಿಗಬೇಕಿತ್ತು, ನಿಜ ಹೇಳು" ಅನ್ನುತ್ತಾಳೆ. ಪಂಡಿತ ಕೊನೆಯವರೆಗೂ ನಿಜ ಹೇಳುವುದಿಲ್ಲ. ತೂತನ್ನು ಮುಚ್ಚುವುದು ಒಂದು ದಾರಿ, ಪಾತ್ರವೊಂದರ ಕೈಯಲ್ಲಿ ಅದನ್ನು ಎತ್ತಿ ತೋರಿಸುವುದು ಇನ್ನೊಂದು. ಎರಡನೆಯದರಲ್ಲಿ ಮಗುವಿಗೆ ತನ್ನ ಪಕ್ಷದವರೊಬ್ಬರು ಪುಸ್ತಕದೊಳಗೂ ಇದ್ದಾರೆ ಎನಿಸುತ್ತದೆ.

ಚಿತ್ರದಲ್ಲಿ ಚಂದ್ರನ ದಿಗಂತದಿಂದ ಭೂಮಿ ಮೇಲೇಳುತ್ತದೆ. ನೋಡಲು ಚೆಂದ, ಆದರೆ ಚಂದ್ರನ ನೆಲದಲ್ಲಿ ನಿಂತವರಿಗೆ ಭೂಮಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಚಂದ್ರ ಯಾವಾಗಲೂ ನಮಗೆ ಒಂದೇ ಮುಖ ತೋರಿಸುವುದರಿಂದ ಭೂಮಿ ಆಕಾಶದಲ್ಲಿ ಹೆಚ್ಚುಕಮ್ಮಿ ಒಂದೇ ಕಡೆ ತೂಗುಹಾಕಿದಂತೆ ಇರುತ್ತದೆ, ನಮಗೆ ಕಾಣುವ ಚಂದ್ರನ ಮೂರೂವರೆ ಪಟ್ಟಿಗೂ ಮೀರಿದ ಅಗಲದಲ್ಲಿ. ಇದು ಗೊತ್ತಾದ ದಿನ ನನಗೆ ಚಿನ್ನ ಸಿಕ್ಕಂತಾಯಿತು. ಮಿಣುಕನಿಗೆ ಭೂಮಿಯೆಂದರೆ ಅಜ್ಜಿಯ ಅಜ್ಜಿ ಕಾಲದಿಂದ ಅದೇ ಮೊಳೆಗೆ ನೇತುಹಾಕಿದ ನೀಲಿ ದೀಪ. ಅದರಿಂದ ಜನ ಬರುತ್ತಾರೆ ಎಂದು ಯಾರು ಎಣಿಸುತ್ತಾರೆ?

ಇಂಥವನ್ನು ಖಚಿತಪಡಿಸಿಕೊಳ್ಳಲು ಬೆಂಗಳೂರಿನವರಿಗೆ ಕಷ್ಟವಿಲ್ಲ. ಟಿ. ಚೌಡಯ್ಯ ರಸ್ತೆಯ ನೆಹರೂ ತಾರಾಲಯಕ್ಕೆ ಮಗುವನ್ನೂ ಪ್ರಶ್ನೆಗಳ ಪಟ್ಟಿಯನ್ನೂ ಕರಕೊಂಡು ಹೋಗಿ. ಯಂತ್ರಗಳ ಕಥೆಯಾದರೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ದೂರದ ನೌಕೆಯೊಂದಿಗೆ ಮಾತಾಡುವ ದೃಶ್ಯವಿದ್ದರೆ ನಗರದಾಚೆ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆ ಎಂಬುದು ನೆನಪಿರಲಿ. ಚಂದ್ರನಿಗೆ "ಹಲೋ" ಅಂದು ಉತ್ತರ ಕೇಳಲು ಎರಡೂವರೆ ಸೆಕೆಂಡು ಬೇಕು. ಸಿನಿಮಾಗಳು ಆ ಎರಡೂವರೆ ಸೆಕೆಂಡನ್ನು ಕತ್ತರಿಸುತ್ತವೆ. ನೀವು ಅದನ್ನು ಉಳಿಸಿಕೊಂಡರೆ ಒಂದು ಪುಟದ ಎದೆಬಡಿತ ಸಿಗುತ್ತದೆ.

ಎಲ್ಲವನ್ನೂ ಸರಿಪಡಿಸಬೇಡಿ. ಚಿತ್ರದ ಕೊನೆಯಲ್ಲಿ ನೌಕೆ ಚಂದ್ರನ ಬಂಡೆಯಂಚಿನಿಂದ ಉರುಳಿ ಸೀದಾ ಭೂಮಿಯ ಸಮುದ್ರಕ್ಕೆ ಬೀಳುತ್ತದೆ, ಅಟ್ಟದಿಂದ ಕೊಬ್ಬರಿ ಬಿದ್ದಂತೆ. ಶುದ್ಧ ಸುಳ್ಳು. ಯಾವ ಮಗುವೂ ಕೇಳಲಿಲ್ಲ, ನಾನೂ ಬಿಟ್ಟೆ.

ಅದು, ಅವನು, ನೀನು, ನೀವು

ಕನ್ನಡದಲ್ಲಿ ಬರೆಯುವವರಿಗೆ ಸಿನಿಮಾಕ್ಕಿಲ್ಲದ, ಇಂಗ್ಲಿಷ್ ಪುಸ್ತಕಕ್ಕೂ ಇಷ್ಟು ಸಲೀಸಾಗಿ ಸಿಗದ ಸಾಧನವೊಂದಿದೆ, ಕ್ರಿಯಾಪದ. ರೋಬೋ "ಬಂತೋ", "ಬಂದನೋ", "ಬಂದರೋ"? ಒಂದೇ ಅಕ್ಷರದಲ್ಲಿ ಸಂಬಂಧ ಗೊತ್ತಾಗಿಬಿಡುತ್ತದೆ. ಬಹಳ ಹಸ್ತಪ್ರತಿಗಳಲ್ಲಿ ಲೇಖಕರು ಇದನ್ನು ಗಮನಿಸದೆ ಒಂದು ಪುಟದಲ್ಲಿ "ಅದು", ಮುಂದಿನ ಪುಟದಲ್ಲಿ "ಅವನು" ಎಂದು ಕಲಸಿಬಿಟ್ಟಿರುತ್ತಾರೆ.

ನನ್ನ ಪುಸ್ತಕದಲ್ಲಿ ಇದು ತಿರುಗುಮುರುಗು. ಮಿಣುಕನ ಪಾಲಿಗೆ ಮನುಷ್ಯರೇ "ಅವು". "ಆರು ಬಂದವು. ತಲೆಯ ಮೇಲೆ ಕಪ್ಪು ಅಣಬೆ ಬಿಚ್ಚಿ ಹಿಡಿದಿದ್ದವು." ಇಡೀ ಎರಡು ಅಧ್ಯಾಯ ಹಾಗೇ ಸಾಗಿ, ಅವುಗಳಲ್ಲೊಂದು ಚಳಿಗೆ ನಡುಗುತ್ತ ಕಂಬಳಿ ಎಳೆದುಕೊಳ್ಳುವುದನ್ನು ಮಿಣುಕ ನೋಡುತ್ತಾನೆ. ಮುಂದಿನ ವಾಕ್ಯ: "ಅವನಿಗೆ ಚಳಿಯಾಗುತ್ತಿತ್ತು." ಬೇರೆ ಯಾವ ವಿವರಣೆಯೂ ಬೇಕಾಗಲಿಲ್ಲ.

ಹಾಗೆಂದು "ಅದು" ಯಾವಾಗಲೂ ತಾತ್ಸಾರ ಅಲ್ಲ. ನಮ್ಮಲ್ಲಿ ಮಗುವೇ "ಅದು". ಮಗು ಅತ್ತಿತು, ಮಗು ಮಲಗಿತು. ಪುಟ್ಟ ರೋಬೋ ಒಂದನ್ನು ಕೊನೆಯವರೆಗೂ "ಅದು" ಅಂತಲೇ ಕರೆದು ಎದೆಗೆ ಹತ್ತಿರ ಮಾಡಬಹುದು. ಬೇಕಾದ್ದು ನಿರ್ಧಾರ, ಅದನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ.

ನೀನು, ನೀವುಗಳದ್ದೂ ಇದೇ ಕಥೆ. ಮನೆಗೆಲಸದ ರೋಬೋ 9 ವರ್ಷದ ಹುಡುಗಿಗೆ ಏನೆನ್ನಬೇಕು? ನನ್ನ ಅಭಿಪ್ರಾಯ, ಮೊದಲ ದಿನ "ನೀವು". ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ದನಿಯ ಕನ್ನಡ ಇರುತ್ತದಲ್ಲ, ಇಸ್ತ್ರಿ ಹಾಕಿದಂಥದ್ದು, ಅದು. "ತಾವು ಹಲ್ಲುಜ್ಜುವ ಸಮಯವಾಗಿದೆ." ಮಕ್ಕಳು ಬಿದ್ದುಬಿದ್ದು ನಗುತ್ತಾರೆ. ನಡುವೆ ಎಲ್ಲೋ ಒಂದು ಕಡೆ, ಕರೆಂಟು ಹೋದ ರಾತ್ರಿಯಲ್ಲಿ, ಅದು ಮೊದಲ ಸಲ "ಹೆದರ್ಬೇಡ, ನಾನಿದೀನಿ" ಅನ್ನಲಿ.

ಪದಗಳ ವಿಷಯ. ರಾಕೆಟ್, ರೋಬೋ, ರಿಮೋಟ್ ಹಾಗೇ ಇರಲಿ. ಗುರುತ್ವ, ಕಕ್ಷೆ, ಉಪಗ್ರಹ ಶಾಲೆಯ ಪುಸ್ತಕದಲ್ಲೇ ಬರುತ್ತವೆ, ಅವೂ ಇರಲಿ. ಆದರೆ ಬೆಂಗಳೂರಿನ ಬಹಳ ಮಕ್ಕಳು ಕನ್ನಡವನ್ನು ಎರಡನೇ ಭಾಷೆಯಾಗಿ ಓದುವವರು, ಒತ್ತಕ್ಷರದ ಮುಂದೆ ಅವರ ಬೆರಳು ನಿಲ್ಲುತ್ತದೆ. ಮೊದಲ ಎರಡು ಪುಟದಲ್ಲಿ "ಬಾಹ್ಯಾಕಾಶ" ಬೇಡ, "ಆಕಾಶ" ಸಾಕು. ಕಥೆ ಹಿಡಿದ ಮೇಲೆ ಎಂಥ ಒತ್ತಕ್ಷರವನ್ನಾದರೂ ದಾಟುತ್ತಾರೆ.

ಒಂದು ಪುಟ, ಎರಡು ಸಲ

ನನ್ನ ಮೊದಲ ಕರಡಿನ ಮೂರು ಸಾಲು, ನಾಚಿಕೆ ಬಿಟ್ಟು ತೋರಿಸುತ್ತಿದ್ದೇನೆ:

"ನೌಕೆಯು ವೇಗವಾಗಿ ಬಂದು ಚಂದ್ರನ ಮೇಲೆ ಅಪ್ಪಳಿಸುತ್ತದೆ. ಅದರಿಂದ ಆರು ಜನ ಪಂಡಿತರು ಇಳಿಯುತ್ತಾರೆ. ಚಂದ್ರವಾಸಿಗಳು ಇದನ್ನು ನೋಡಿ ಆಶ್ಚರ್ಯಪಡುತ್ತಾರೆ."

ಅಪ್ಪಳಿಸುತ್ತದೆ, ಇಳಿಯುತ್ತಾರೆ, ಪಡುತ್ತಾರೆ. ದೃಶ್ಯಪಟ್ಟಿಯ ಭಾಷೆ ಹಾಗೇ ಕಾದಂಬರಿಗೆ ಇಳಿದುಬಂದಿದೆ. ಸಿನಿಮಾದಿಂದ ಬರೆಯುವ ಎಲ್ಲರಿಗೂ ಈ ರೋಗ ತಗಲುತ್ತದೆ. ಮದ್ದು ಸುಲಭ: "ಬಂದ", "ಇಳಿದ" ಎಂದು ಭೂತಕಾಲಕ್ಕೆ ತನ್ನಿ, "ಆಶ್ಚರ್ಯ"ದಂಥ ಹಣೆಪಟ್ಟಿ ಕಿತ್ತು ಮೈಗೆ ಏನಾಯಿತೆಂದು ಬರೆಯಿರಿ.

ಇನ್ನೊಂದು ತೊಡಕಿತ್ತು. ಚಂದ್ರನ ಮೇಲೆ ಗಾಳಿಯಿಲ್ಲ, ಗಾಳಿಯಿಲ್ಲದೆ ಸದ್ದಿಲ್ಲ. ಕನ್ನಡದ ಧಡಾರ್, ಪಟಾರ್, ಗಿರ್ರನೆ, ದಬದಬಗಳನ್ನೆಲ್ಲ ಮೂಟೆ ಕಟ್ಟಿ ಇಡಬೇಕೇ? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಗಾಳಿಯಲ್ಲಿ ಸಾಗದಿದ್ದರೇನು, ಕಂಪನ ನೆಲದಲ್ಲಿ ಸಾಗುತ್ತದೆ. ಮಿಣುಕನ ಜನ ಅಂಗಾಲಿನಿಂದ ಕೇಳುವವರು. ಆಮೇಲೆ ಬರೆದದ್ದು:

"ಮೊದಲು ಅಂಗಾಲಿಗೆ ಗೊತ್ತಾಯಿತು. ಧಿಮ್ಮ್. ಅಣಬೆಯ ಕೊಡೆಗಳೆಲ್ಲ ಒಮ್ಮೆ ನಡುಗಿ ಸುಮ್ಮನಾದವು. ಅಜ್ಜಿ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು.

'ಯಾರೋ ಬಂದರು.'

'ಯಾರಜ್ಜಿ?'

'ಗೊತ್ತಿಲ್ಲ ಮಗಾ. ಬಾಗಿಲು ತಟ್ಟಿ ಬಂದವರಲ್ಲ.'"

ಅಲ್ಲಿಟ್ಟ ಬಟ್ಟಲು ಆರನೇ ಅಧ್ಯಾಯದಲ್ಲಿ ಮತ್ತೆ ಬರುತ್ತದೆ. ಚಿತ್ರದಲ್ಲಿ ಚಂದ್ರವಾಸಿಗಳು ಸಾಲುಸಾಲಾಗಿ ಹೊಗೆಯಾಗುತ್ತಾರೆ, ತಮಾಷೆಯಾಗಿ. ಅಕ್ಷರಕ್ಕೆ ಇಳಿದಾಗ ಅದೇ ಸಾವು ಭಾರವಾಗುತ್ತದೆ. ಪೂರ್ತಿ ತೆಗೆದುಹಾಕುವುದು ಸುಳ್ಳಾಗುತ್ತದೆ, ಅಷ್ಟನ್ನೂ ಇಡುವುದು ಕ್ರೌರ್ಯ. ಒಂದನ್ನು ಇಟ್ಟುಕೊಂಡೆ. ಮಿಣುಕನ ಅಣ್ಣ ಹೊಗೆಯಾದಾಗ ಅವನಮ್ಮ ಆ ಬಟ್ಟಲು ಹಿಡಿದು, ಹೊಗೆ ಚದುರುವ ಮೊದಲು ತುಂಬಿಕೊಳ್ಳಲು ಗುಹೆಯ ತುಂಬ ಓಡಾಡುತ್ತಾಳೆ. "ಹೊಗೆ ಎಲ್ಲಿಗ್ ಹೋಯ್ತು" ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಅದು.

ಅಳತೆ

8ರಿಂದ 12ರ ವಯಸ್ಸಿಗೆ 10 ಸಾವಿರ ಪದ ಸಾಕು. ಇಂಗ್ಲಿಷಿನ ಮಕ್ಕಳ ಕಾದಂಬರಿಯ ಪದಸಂಖ್ಯೆ ನೋಡಿ ಗಾಬರಿಯಾಗಬೇಡಿ, ನಮ್ಮದು ವಿಭಕ್ತಿ, ಕಾಲ, ಲಿಂಗ ಎಲ್ಲ ಅಂಟಿಸಿಕೊಂಡು ಒಂದೇ ಪದವಾಗುವ ಭಾಷೆ. ಅಧ್ಯಾಯ 700ರಿಂದ 900 ಪದ, ಅಂದರೆ ಮಲಗುವ ಮುಂಚೆ ಒಂದು ಸಲಕ್ಕೆ ಓದಿ ಹೇಳುವಷ್ಟು.

ಓದಿ ಹೇಳಿ, ಸುಮ್ಮನಿರಿ

ಕರಡು ಮುಗಿದ ಮೇಲೆ ಮೂರು ಶನಿವಾರ ತಾರಸಿಯ ಮೇಲೆ ಆರು ಮಕ್ಕಳನ್ನು ಕೂರಿಸಿಕೊಂಡು ಓದಿದೆ, ಮಧ್ಯೆ ಒಂದು ಮೊರ ಕಡ್ಲೆಪುರಿ. ಅವರಲ್ಲಿ ಇಬ್ಬರು ಚಿತ್ರ ನೋಡದವರಾಗಿರಲಿ ಎಂದು ಬೇಕೆಂದೇ ಆರಿಸಿದ್ದೆ. ಚಿತ್ರ ನೋಡದವರಿಗೂ ಕಥೆ ತಿಳಿಯಬೇಕು, ನೋಡಿದವರಿಗೆ ಹೊಸದು ಸಿಗಬೇಕು, ಇಬ್ಬರೂ ಎದುರಿಗಿದ್ದರೇ ಪರೀಕ್ಷೆ. ಎಲ್ಲಿ ಕಡ್ಲೆಪುರಿಗೆ ಕೈಗಳು ಒಟ್ಟಿಗೆ ಹೋದವೋ ಅಲ್ಲಿ ಪುಟದಂಚಿಗೆ ಗೆರೆ. ಓದಿದ ಮೇಲೆ "ಹೇಗಿದೆ?" ಅಂತ ಕೇಳಬೇಡಿ, "ಚೆನ್ನಾಗಿದೆ ಆಂಟಿ" ಎಂದು ಮನೆಗೆ ಹೋಗುತ್ತಾರೆ. "ನೀವೇ ಮುಂದಿನ ಅಧ್ಯಾಯ ಹೇಳಿ" ಅನ್ನಿ. ಗೆರೆ ಬಿದ್ದ ನಾಲ್ಕು ಪುಟಗಳಲ್ಲಿ ಮೂರು, ನಾನು ಬಹಳ ಇಷ್ಟಪಟ್ಟು ಬರೆದ ವರ್ಣನೆಗಳು. ತೆಗೆದೆ.

ಅಚ್ಚಿನ ಮನೆ

1/8 ಡೆಮಿ ಅಳತೆ, ಅಕ್ಷರ 14 ಪಾಯಿಂಟಿಗೆ ಕಮ್ಮಿಯಿಲ್ಲದಂತೆ. 10 ಸಾವಿರ ಪದ ಸುಮಾರು 60 ಪುಟ, ಚಿತ್ರಗಳು ಸೇರಿ 80. ಅಚ್ಚಿನ ಲೆಕ್ಕ ಫಾರಂನಲ್ಲಿ, ಫಾರಂಗೆ 16 ಪುಟ. 80 ಅಂದರೆ ಸರಿಯಾಗಿ 5 ಫಾರಂ. 83 ಪುಟ ಮಾಡಿಕೊಂಡು ಹೋದರೆ ಖಾಲಿ ಹಾಳೆಗೂ ದುಡ್ಡು ಕೊಡುತ್ತೀರಿ, ಮೂರು ಪುಟ ಕತ್ತರಿಸುವುದು ಲೇಸು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ, ರಾಜಾ ರಾಮಮೋಹನ್ ರಾಯ್ ಏಜೆನ್ಸಿಯಲ್ಲಿ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು.

ಚಿತ್ರ ಬರೆಯುವವರಿಗೆ ಸಿನಿಮಾ ತೋರಿಸಬೇಡಿ, ಹಸ್ತಪ್ರತಿ ಮಾತ್ರ ಕೊಡಿ. ತೋರಿಸಿದರೆ ಸ್ಟಿಲ್‌ಗಳ ನಕಲು ಬರುತ್ತದೆ.

ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿಯವರು ಹಳೆಯ ಫಾಂಟಿಗೆ ಬದಲಾಯಿಸುವಾಗ ಅರ್ಕಾವತ್ತು ಕೈಕೊಡುತ್ತದೆ, ಹಾಗಾಗಿ ಕರಡನ್ನು ಕಾಗದದ ಮೇಲೇ ತಿದ್ದಿ, ಮೊಬೈಲಿನಲ್ಲಲ್ಲ. ನನ್ನ ಎರಡನೇ ಕರಡನ್ನು ಅಕ್ಕನ ಮಗಳಿಗೂ ಒಂದು ಪೆನ್ಸಿಲ್ಲಿಗೂ ಒಪ್ಪಿಸಿದ್ದೆ. ಅಕ್ಷರದೋಷ ಒಂದನ್ನೂ ಹಿಡಿದಿರಲಿಲ್ಲ. ಕೊನೆಯ ಅಧ್ಯಾಯದಲ್ಲಿ, ಭೂಮಿಗೆ ಸಿಕ್ಕಿಬಿದ್ದ ಮಿಣುಕನನ್ನು ಹಗ್ಗ ಕಟ್ಟಿ ಮೆರವಣಿಗೆ ಮಾಡುವಾಗ ಗುಂಪಿನಲ್ಲೊಂದು ಹುಡುಗಿ "ಅಮ್ಮ, ಅದು ಅಳ್ತಾ ಇದೆ" ಎನ್ನುವ ಸಾಲು ಬರುತ್ತದೆ. ಅದನ್ನು ಹೊಡೆದು ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಳು: "ಅವ್ನು ಅಳ್ತಾ ಇದಾನೆ."

ಡಿಟಿಪಿ ಹುಡುಗ ಫೋನ್ ಮಾಡಿ ಕೇಳಿದ, "ಮೇಡಂ, ಯಾವ್ದು ಇಟ್ಕೊಳ್ಲಿ, ಪ್ರಿಂಟಲ್ಲಿ ಇರೋದಾ, ಪೆನ್ಸಿಲ್‌ದಾ?"

"ಪೆನ್ಸಿಲ್‌ದು," ಅಂದೆ.